ಬಾರ್ಸಿಲೋನಾಕ್ಕೆ ಕಡಲು ಕೊಟ್ಟವರು ಒಬ್ಬರಲ್ಲ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಕಾಗದ ಬಂದು ಮೂರು ವಾರ ಆಯಿತು. ಉತ್ತರ ತಡವಾಗಿದ್ದಕ್ಕೆ ಕ್ಷಮಿಸಿ. 'ತಪ್ಪಾಗಿದೆ, ತಿದ್ದುತ್ತೇವೆ' ಅಂತ ಒಂದು ಸಾಲು ಬರೆದು ಕಳಿಸಬಹುದಿತ್ತು, ಆದರೆ ನೀವು ಕೇಳಿದ್ದು ಒಂದು ಸಾಲಿಗೆ ಮುಗಿಯುವ ಪ್ರಶ್ನೆ ಅಲ್ಲ.

ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ. ಕಳೆದ ಸಂಚಿಕೆಯಲ್ಲಿ ಬಾರ್ಸಿಲೋನಾದ ಬೀಚುಗಳ ಬಗ್ಗೆ ಒಂದು ಲೇಖನ ಹಾಕಿದ್ದೆವು. ಆ ನಗರದ ಮೊದಲ ಚುನಾಯಿತ ಮೇಯರ್ ಪಸ್ಕ್ವಾಲ್ ಮರಗಾಲ್ ಒಬ್ಬರೇ ನಿಂತು ಊರಿಗೆ ಕಡಲು ತಂದುಕೊಟ್ಟರು ಎಂದು ಅದರಲ್ಲಿತ್ತು. ಮಂಗಳೂರಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದ ನೀವು ಅದಕ್ಕೆ ಮೂರು ಮಾತು ಬರೆದಿದ್ದೀರಿ. ಮೊದಲ ಚುನಾಯಿತ ಮೇಯರ್ ಮರಗಾಲ್ ಅಲ್ಲ, ನಾರ್ಸಿಸ್ ಸೆರ್ರಾ. ಒಬ್ಬ ಮೇಯರ್ ಊರು ಕಟ್ಟಿದ ಅನ್ನೋದನ್ನು ಪತ್ರಿಕೆಯವರು ಇಷ್ಟು ಬೇಗ ನಂಬಬಾರದು. ಕೊನೆಯದು, ನಮ್ಮ ಪಾಲಿಕೆಯಲ್ಲಿ ಮೇಯರ್ ಪಟ್ಟ ಒಂದೇ ವರ್ಷದ್ದು, ಅಲ್ಲಿ ಒಬ್ಬರೇ ಹದಿನೈದು ವರ್ಷ ಕೂತಿದ್ದು ಹೇಗೆ?

ಮೊದಲನೆಯದು ನಮ್ಮ ತಪ್ಪೇ. ಸರ್ವಾಧಿಕಾರಿ ಫ್ರಾಂಕೊ ಸತ್ತ ಮೇಲೆ ಸ್ಪೇನಿನ ಊರುಗಳಿಗೆ ಚುನಾವಣೆ ನಡೆದದ್ದು 1979ರ ಏಪ್ರಿಲ್ 3ಕ್ಕೆ, ಆಗ ಬಾರ್ಸಿಲೋನಾದ ಮೇಯರ್ ಆದವರು ಸೆರ್ರಾ. ಆದರೆ ಮೇಷ್ಟ್ರೇ, ಅವರನ್ನೂ 'ಮೊದಲ' ಅನ್ನಲು ಬರುವುದಿಲ್ಲ. 1931ರ ಏಪ್ರಿಲ್ 12ರ ಪಾಲಿಕೆ ಚುನಾವಣೆಯನ್ನು ನೆನಪು ಮಾಡಿಕೊಳ್ಳಿ. ಅದರ ಫಲಿತಾಂಶ ನೋಡಿಯೇ ರಾಜ ದೇಶ ಬಿಟ್ಟು ಹೋದದ್ದು, ಎರಡೇ ದಿನದಲ್ಲಿ ಬಾರ್ಸಿಲೋನಾದ ಪಾಲಿಕೆ ಕಟ್ಟಡದ ಬಾಲ್ಕನಿಯಿಂದ ಕತಲಾನ್ ನಾಯಕ ಲ್ಯೂಯಿಸ್ ಕುಂಪಾನಿಸ್ ಗಣರಾಜ್ಯ ಬಂತೆಂದು ಸಾರಿದ್ದು. ಆಗ ಜನ ಆರಿಸಿದ ಪಾಲಿಕೆಗೆ ಮೇಯರ್ ಆದವರು ಜೌಮೆ ಐಗ್ವಾದೆ, ವೈದ್ಯರು. 1939ರ ಜನವರಿ 26ಕ್ಕೆ ಫ್ರಾಂಕೊ ಸೈನ್ಯ ಊರಿಗೆ ನುಗ್ಗಿದ ಮೇಲೆ ಆ ವ್ಯವಸ್ಥೆ ಸತ್ತಿತು. ಮುಂದೆ ನಲವತ್ತು ವರ್ಷ ಮೇಯರ್ ಅಂದರೆ ಮೇಲಿನವರು ನೇಮಿಸಿದವರು. ಹಾಗಾಗಿ 1979ರಲ್ಲಿ ಆ ಊರಿಗೆ ಸಿಕ್ಕಿದ್ದು ಹೊಸ ಹಕ್ಕಲ್ಲ, ಕಿತ್ತುಕೊಂಡಿದ್ದ ಹಕ್ಕು.

ಮೇಯರ್‌ಗೆ ಸ್ಪ್ಯಾನಿಷ್‌ನಲ್ಲಿ 'ಅಲ್ಕಾಲ್ದೆ' ಅನ್ನುತ್ತಾರೆ. ಅರಬ್ಬಿಯ 'ಅಲ್ ಖಾಜಿ'ಯಿಂದ ಬಂದ ಮಾತು ಅದು, ನಮ್ಮೂರುಗಳಲ್ಲಿ ನ್ಯಾಯ ಹೇಳುತ್ತಿದ್ದ ಖಾಜಿಯೇ. ಈ ಪದ ನೋಡಿದಾಗ ನನಗೆ ತುಂಬಾ ಖುಷಿ ಆಯಿತು, ನಿಮಗೂ ಆಗುತ್ತದೆ ಅಂತ ಇಲ್ಲಿ ಹೇಳುತ್ತಿದ್ದೇನೆ.

ಈಗ ನಿಮ್ಮ ಎರಡನೇ ಮಾತು. ಇದನ್ನು ಓದಿ ನಾನು ಒಂದು ವಾರ ಹಳೆಯದನ್ನೆಲ್ಲ ತೆಗೆದು ಕೂತೆ. ನೀವು ಹೇಳಿದ್ದು ನಿಜ. ಅಷ್ಟೇ ಅಲ್ಲ, ನಮ್ಮ ವಾಕ್ಯ ಮರಗಾಲ್ ಅವರಿಗೂ ಅನ್ಯಾಯ ಮಾಡುತ್ತದೆ.

ತೀರಾ ಹಿಂದಕ್ಕೆ ಹೋಗುವುದಿಲ್ಲ. ಹದಿಮೂರನೇ ಶತಮಾನದಿಂದ ಆ ಊರನ್ನು ಆಳುತ್ತಿದ್ದದ್ದು 'ನೂರು ಜನರ ಸಭೆ', ಅದರಲ್ಲಿ ಕುಶಲಕರ್ಮಿಗಳಿಗೂ ಜಾಗ ಇತ್ತು. 1714ರಲ್ಲಿ ಬೂರ್ಬನ್ ರಾಜವಂಶದ ಸೈನ್ಯ ಊರು ಗೆದ್ದಿತು, ಸಭೆ ಮುಚ್ಚಿತು. ರಿಬೇರಾ ಎಂಬ ಕೇರಿಯ ಮನೆಗಳನ್ನು ಕೆಡವಿಸಿ, ಊರಿನ ಮೇಲೆ ಕಣ್ಣಿಡಲು ಅಲ್ಲೊಂದು ಕೋಟೆ ಕಟ್ಟಿದರು. ಜನ ಆ ಕೋಟೆಯನ್ನು ದ್ವೇಷಿಸಿದರು. ಅದೇ ಜಾಗದಲ್ಲಿ 1888ರಲ್ಲಿ ವಿಶ್ವ ವಸ್ತುಪ್ರದರ್ಶನ ನಡೆಸಿದವರು ರಿಯುಸ್ ಇ ತೌಲೆತ್ ಎಂಬ ಮೇಯರ್. ಇವತ್ತು ಅದು ಊರಿನ ದೊಡ್ಡ ಪಾರ್ಕು. ಬಂದರಿನ ಮುಂದೆ ನಿಂತಿರುವ ಕೊಲಂಬಸ್ ಕಂಬವೂ ಅದೇ ವರ್ಷದ್ದು. ರಿಯುಸ್ ನಾಲ್ಕು ಸಲ ಮೇಯರ್ ಆಗಿದ್ದರು. ಬಾರ್ಸಿಲೋನಾಕ್ಕೆ ಮೇಯರ್ ಯಾರು ಅಂತ ಆಗ ಹೇಳುತ್ತಿದ್ದದ್ದು ಮ್ಯಾಡ್ರಿಡ್.

ಮ್ಯಾಡ್ರಿಡ್ ಕೂರಿಸಿದವರೆಲ್ಲ ಮ್ಯಾಡ್ರಿಡ್ ಹೇಳಿದಂತೆ ಕೇಳಿದರು ಅಂದುಕೊಂಡರೆ ಅದೂ ತಪ್ಪು. ಡಾಕ್ಟರ್ ಬರ್ತೊಮೆವ್ ರೊಬೆರ್ಟ್ ಅವರ ಕಥೆ ನಿಮಗೆ ಹೇಳಲೇಬೇಕು. 1899ರಲ್ಲಿ ಕೆಲವೇ ತಿಂಗಳು ಮೇಯರ್ ಆಗಿದ್ದರು. ಕ್ಯೂಬಾ ಕಳೆದುಕೊಂಡ ಸ್ಪೇನ್ ಸರ್ಕಾರ ಆ ನಷ್ಟ ತುಂಬಲು ತೆರಿಗೆ ಏರಿಸಿತು. ಬಾರ್ಸಿಲೋನಾದ ಅಂಗಡಿಯವರು ತೆರಿಗೆ ಕಟ್ಟುವುದಿಲ್ಲ ಎಂದು ಗಲ್ಲಾಪೆಟ್ಟಿಗೆ ಮುಚ್ಚಿ ಕೂತರು. ಕಟ್ಟದವರ ಆಸ್ತಿ ಜಪ್ತಿ ಮಾಡಿ ಎಂದು ಸರ್ಕಾರ ಹೇಳಿತು. ಆ ಕಾಗದಕ್ಕೆ ಮೇಯರ್ ರುಜು ಬೇಕಿತ್ತು. ಡಾಕ್ಟರ್ ರುಜು ಹಾಕಲಿಲ್ಲ, ರಾಜೀನಾಮೆ ಕೊಟ್ಟು ಎದ್ದು ಹೋದರು. ಜನ ಅವರನ್ನು ಮರೆಯಲಿಲ್ಲ, 1910ರಲ್ಲಿ ದೊಡ್ಡ ಸ್ಮಾರಕ ನಿಲ್ಲಿಸಿದರು. ಫ್ರಾಂಕೊ ಕಾಲದಲ್ಲಿ ಅದನ್ನು ಬಿಚ್ಚಿ ಹಾಕಿದರು. ಕಲ್ಲು, ಕಂಚು ಎಲ್ಲ ಪಾಲಿಕೆಯ ಉಗ್ರಾಣದಲ್ಲಿ ದಶಕಗಳ ಕಾಲ ಬಿದ್ದಿತ್ತು. ಮತ್ತೆ ಜೋಡಿಸಿ ತೆತುವಾನ್ ಚೌಕದಲ್ಲಿ ನಿಲ್ಲಿಸಿದ್ದು 1985ರಲ್ಲಿ, ಮರಗಾಲ್ ಮೇಯರ್ ಆಗಿದ್ದಾಗ. ಕೆಲವೇ ತಿಂಗಳ ಮೇಯರ್‌ಗೆ ಇಷ್ಟು ದೊಡ್ಡ ನೆನಪು. ಹಾಗಾಗಿ ಎಷ್ಟು ವರ್ಷ ಕೂತರು ಅನ್ನೋದನ್ನೇ ಅಳತೆಗೋಲು ಮಾಡಿಕೊಳ್ಳುವುದು ನನಗೆ ಸರಿ ಅನ್ನಿಸುವುದಿಲ್ಲ.

ವರ್ಷದ ಲೆಕ್ಕವೇ ಮುಖ್ಯ ಅಂದರೆ ಮರಗಾಲ್ ಅವರಿಗಿಂತ ಜಾಸ್ತಿ ಕಾಲ ಒಂದೇ ಸಮನೆ ಕೂತವರು ಫ್ರಾಂಕೊ ಕಾಲದ ಮೇಯರ್ ಪೊರ್ಸಿಯೋಲೆಸ್. 1957ರಿಂದ 1973ರವರೆಗೆ, ಹದಿನಾರು ವರ್ಷ. ಜನರ ಒಂದು ಓಟೂ ಇಲ್ಲದೆ. ದಕ್ಷಿಣದಿಂದ ಕೆಲಸ ಹುಡುಕಿಕೊಂಡು ಬಂದ ಬಡವರಿಂದ ಊರು ಉಬ್ಬುತ್ತಿತ್ತು, 1970ರ ಹೊತ್ತಿಗೆ ಹದಿನೇಳು ಲಕ್ಷ ದಾಟಿತ್ತು. ಕಟ್ಟಡ ಕಟ್ಟುವವರಿಗೆ ಸುಗ್ಗಿ. ಹೊರವಲಯದಲ್ಲಿ ಶಾಲೆ ಇಲ್ಲ, ಚರಂಡಿ ಇಲ್ಲ, ಅಪಾರ್ಟ್‌ಮೆಂಟ್‌ಗಳು ಮಾತ್ರ ಎದ್ದವು. ಪಿಕಾಸೊ ಮ್ಯೂಸಿಯಂ 1963ರಲ್ಲಿ ತೆರೆದದ್ದೂ ಇವರ ಕಾಲದಲ್ಲೇ, ಅದನ್ನು ಮರೆಸುವುದು ಬೇಡ. ಆದರೆ ಆ ಮನುಷ್ಯನನ್ನು ನನ್ನಿಂದ ಮೆಚ್ಚಲು ಆಗಲಿಲ್ಲ, ಅದಕ್ಕೆ ಕಾರಣ ಕಡಲ ದಂಡೆ.

ನೀವು ಕಡಲೂರಿನವರು, ನಿಮಗೆ ಇದು ಅರ್ಥವಾಗುತ್ತದೆ. ಬಾರ್ಸಿಲೋನಾ ಕಡಲ ಪಕ್ಕದಲ್ಲೇ ಇದ್ದೂ ಕಡಲಿಗೆ ಬೆನ್ನು ಹಾಕಿ ಬೆಳೆದ ಊರು. 1848ರಲ್ಲಿ ಅಲ್ಲಿಂದ ಮತಾರೋ ಎಂಬ ಊರಿಗೆ ರೈಲು ಬಂತು, ಸ್ಪೇನಿನ ನೆಲದಲ್ಲಿ ಅದೇ ಮೊದಲನೆಯದು. ಹಳಿ ಹಾಕಿದ್ದು ನೇರ ಕಡಲಂಚಿನಲ್ಲಿ. ಹಳಿಯ ಈಚೆ ಕಾರ್ಖಾನೆಗಳು, ಆಚೆ ಅವುಗಳ ಕೊಳಕು ನೀರು. ಉಳಿದ ಮರಳಿನ ಮೇಲೆ ಗುಡಿಸಲು ಕಟ್ಟಿಕೊಂಡು ಬಡವರು ಇದ್ದರು. ಅಂಥ ಒಂದು ಕೇರಿಯ ಹೆಸರು ಸೊಮೊರೊಸ್ತ್ರೊ. ಕಡಲು ಉಕ್ಕಿದಾಗೆಲ್ಲ ನೀರು ಮನೆಯೊಳಗೇ ಬರುತ್ತಿತ್ತು. 1966ರಲ್ಲಿ ಫ್ರಾಂಕೊ ನೌಕಾಪಡೆಯ ಕವಾಯತು ನೋಡಲು ಬರುತ್ತಾರೆ ಎಂದು ಗುಡಿಸಲುಗಳನ್ನು ಅವಸರವಸರವಾಗಿ ಕೆಡವಿ, ಜನರನ್ನು ಊರಾಚೆ ಸಾಗಿಸಿದರು. ಅಷ್ಟು ವರ್ಷ ಯಾರಿಗೂ ಕಾಣದ ಬಡತನ ಒಂದು ಭೇಟಿಗೆ ಕಂಡಿತು, ನೋಡಿ. ಈಗ ಅಲ್ಲಿನ ಬೀಚಿಗೆ ಸೊಮೊರೊಸ್ತ್ರೊ ಎಂದೇ ಹೆಸರಿಟ್ಟಿದ್ದಾರೆ, ಅದನ್ನು ಓದಿ ಸ್ವಲ್ಪ ಸಮಾಧಾನವಾಯಿತು.

ಇನ್ನೊಂದು ವಿಷಯ. ಅರುವತ್ತರ ದಶಕದಲ್ಲೇ ಆ ದಂಡೆಯ ಕಾರ್ಖಾನೆ ಮಾಲೀಕರು ಒಂದು ಯೋಜನೆ ಮಾಡಿದ್ದರು, ಕಾರ್ಖಾನೆ ತೆಗೆದು ಶ್ರೀಮಂತರಿಗೆ ಮನೆ ಕಟ್ಟುವುದು. ಅದನ್ನು ತಡೆದದ್ದು ಯಾವ ಮೇಯರೂ ಅಲ್ಲ, ಅಲ್ಲಿನ ನಿವಾಸಿಗಳ ಸಂಘಗಳು. ಸಂಘ ಕಟ್ಟುವುದೇ ಕಷ್ಟವಾಗಿದ್ದ ಕಾಲದಲ್ಲಿ ಅವರು ಹಾಗೆ ನಿಲ್ಲದೆ ಇದ್ದಿದ್ದರೆ ಮುಂದೆ ಮರಗಾಲ್ ಕೈಗೆ ದಂಡೆಯೇ ಸಿಗುತ್ತಿರಲಿಲ್ಲ.

ಆಮೇಲೆ ಬಂದವರಲ್ಲಿ ಸೊಸಿಯಾಸ್ ಅಂತ ಒಬ್ಬರು. ನಮ್ಮ ಲೇಖನದಲ್ಲಿ ಇವರ ಹೆಸರೇ ಇರಲಿಲ್ಲ, ನನಗೆ ಜಾಸ್ತಿ ಬೇಸರ ಆಗಿರುವುದು ಇದಕ್ಕೇ. 1976ರ ಕೊನೆಯಲ್ಲಿ ನೇಮಕವಾಗಿ ಸುಮಾರು ಎರಡು ವರ್ಷ ಇದ್ದ ಮೇಯರ್. ತನ್ನ ಕುರ್ಚಿ ಚುನಾವಣೆ ಬರುವವರೆಗೆ ಮಾತ್ರ ಅಂತ ಗೊತ್ತಿತ್ತು. ಅಂಥವರು ಸುಮ್ನೆ ದಿನ ದೂಡಬಹುದಿತ್ತು, ಅಲ್ವಾ? ಇವರು ನಿವಾಸಿ ಸಂಘಗಳನ್ನು ಒಳಗೆ ಕರೆದು ಕೂರಿಸಿ ಮಾತಾಡಿದರು. ಊರೊಳಗೆ ಖಾಲಿ ಬೀಳುತ್ತಿದ್ದ ಜಾಗಗಳನ್ನು ಪಾಲಿಕೆಗೆ ಕೊಂಡರು, ಬಿಲ್ಡರ್‌ಗಳ ಕೈಗೆ ಹೋಗುವ ಮೊದಲೇ. ಯೋಜನೆ ವಿಭಾಗದಲ್ಲಿದ್ದ ಜೊವಾನ್ ಆಂತೊನಿ ಸೊಲಾನ್ಸ್ ಇದರ ಹಿಂದೆ ನಿಂತಿದ್ದರು. ಎಂಬತ್ತರ ದಶಕದಲ್ಲಿ ಆ ಊರಲ್ಲಿ ಎದ್ದ ಎಷ್ಟೋ ಪಾರ್ಕು, ಶಾಲೆಗಳಿಗೆ ನೆಲ ಬಂದದ್ದು ಹೀಗೆ.

ಸೆರ್ರಾ ಇದ್ದದ್ದು ಮೂರೂವರೆ ವರ್ಷ. ವಾಸ್ತುಶಿಲ್ಪಿ ಒರಿಯೋಲ್ ಬೊಹಿಗಾಸ್ ಅವರನ್ನು ಕರೆತಂದು ಕೇರಿ ಕೇರಿಗೂ ಸಣ್ಣ ಸಣ್ಣ ಚೌಕ ಮಾಡಿಸಲು ಶುರು ಮಾಡಿದರು. ಒಲಿಂಪಿಕ್ಸ್ ಕೇಳೋಣ ಎಂದು 1981ರಲ್ಲೇ ಮಾತು ಎತ್ತಿದವರೂ ಇವರೇ. 1982ರ ಡಿಸೆಂಬರ್‌ನಲ್ಲಿ ರಕ್ಷಣಾ ಮಂತ್ರಿಯಾಗಿ ಮ್ಯಾಡ್ರಿಡ್‌ಗೆ ಹೋದರು. ಆಗ ಆ ಜಾಗಕ್ಕೆ ಬಂದವರು ಮರಗಾಲ್.

ಮರಗಾಲ್ ಹೊರಗಿನಿಂದ ಬಂದವರಲ್ಲ. 1965ರಿಂದಲೇ ಪಾಲಿಕೆಯಲ್ಲಿ ಅರ್ಥಶಾಸ್ತ್ರಜ್ಞರಾಗಿ ನೌಕರಿ ಮಾಡುತ್ತಿದ್ದವರು, ಅಂದರೆ ಪೊರ್ಸಿಯೋಲೆಸ್ ಕಾಲದಿಂದಲೇ. ಆ ಕಟ್ಟಡದ ಫೈಲುಗಳೆಲ್ಲ ಅವರಿಗೆ ಗೊತ್ತಿದ್ದವು. 1986ರ ಅಕ್ಟೋಬರ್ 17ಕ್ಕೆ ಒಲಿಂಪಿಕ್ಸ್ ಸಿಕ್ಕಿತು. ಬೇರೆ ಊರುಗಳು ಕ್ರೀಡಾಂಗಣ ಕಟ್ಟಿ ಸುಮ್ಮನಾಗುತ್ತವೆ. ಇವರು ಆಟದ ಹೆಸರು ಹೇಳಿ ಊರಿನ ಹಳೇ ಕೆಲಸವನ್ನೆಲ್ಲ ಮುಗಿಸಿಕೊಂಡರು. ಪೊಬ್ಲೆನೊವು ಎಂಬ ಕೇರಿಯ ಕಡಲಂಚಿನ ಹಳಿ ಎತ್ತಿಸಿದರು. ಹಳೇ ಕಾರ್ಖಾನೆಗಳ ಜಾಗದಲ್ಲಿ ಒಲಿಂಪಿಕ್ ಗ್ರಾಮ ಬಂತು, ಆಟ ಮುಗಿದ ಮೇಲೆ ಅದು ಜನರ ಮನೆಗಳಾಯಿತು. ಒಳಚರಂಡಿ ಸರಿಪಡಿಸಿ, ಮರಳು ಸುರಿದು, ನಾಲ್ಕು ಕಿಲೋಮೀಟರ್‌ನಷ್ಟು ಬೀಚು ಬಿಡಿಸಿಕೊಂಡರು. ಎರಡು ವರ್ತುಲ ರಸ್ತೆಗಳು ಆಟದ ಹೊತ್ತಿಗೆ ಮುಗಿದವು. ಒಂದು ಕೆಲಸವಂತೂ ನನಗೆ ಬಹಳ ಹಿಡಿಸಿತು. ಮೇಯರ್ ಆಗಿದ್ದಾಗಲೇ ಅವರು ಬೇರೆ ಬೇರೆ ಬಡಾವಣೆಗಳಿಗೆ ಹೋಗಿ ಸಾಮಾನ್ಯ ಜನರ ಮನೆಯಲ್ಲಿ ಕೆಲವು ದಿನ ಉಳಿದುಕೊಳ್ಳುತ್ತಿದ್ದರು, ಅಲ್ಲೇ ಊಟ, ಅಲ್ಲೇ ನಿದ್ದೆ. ಹಿಂದಿನವರ ಕೆಲಸವನ್ನು ಕಸಕ್ಕೆ ಹಾಕದೆ ಎತ್ತಿಕೊಂಡು ಮುಂದೆ ಒಯ್ದರಲ್ಲ, ಅವರ ದೊಡ್ಡತನ ಅದು. 'ಒಬ್ಬರೇ ನಿಂತು' ಅಂತ ಬರೆದಾಗ ನಾವು ಅದನ್ನೇ ಮುಚ್ಚಿಹಾಕಿದೆವು.

ಮೂರನೇ ಪ್ರಶ್ನೆ, ಹದಿನೈದು ವರ್ಷ ಹೇಗೆ? ಅಲ್ಲಿ ಪಾಲಿಕೆಯ ಅವಧಿ ನಾಲ್ಕು ವರ್ಷ, ಮೇಯರ್‌ದೂ ನಾಲ್ಕು ವರ್ಷ, ಎಷ್ಟು ಸಲ ಬೇಕಾದರೂ ನಿಲ್ಲಬಹುದು. ಜನ ನೇರವಾಗಿ ಮೇಯರ್‌ಗೆ ಓಟು ಹಾಕುವುದಿಲ್ಲ. ವಾರ್ಡೂ ಇಲ್ಲ, ಪಕ್ಷದ ಪಟ್ಟಿಗೆ ಓಟು. ಬಾರ್ಸಿಲೋನಾದಲ್ಲಿ ಈಗ 41 ಸದಸ್ಯರು. 21 ಜನ ಒಪ್ಪಿದವರು ಮೇಯರ್. ಯಾರಿಗೂ 21 ಸಿಗದಿದ್ದರೆ ಜಾಸ್ತಿ ಓಟು ಬಂದ ಪಟ್ಟಿಯ ಮೊದಲ ಹೆಸರಿನವರು ತಾವಾಗಿ ಮೇಯರ್ ಆಗುತ್ತಾರೆ. ಇದು 1985ರ ಚುನಾವಣಾ ಕಾನೂನಿನಲ್ಲಿದೆ. ನಮ್ಮಲ್ಲಿ ಪಾಲಿಕೆ ನಡೆಸುವ ಅಧಿಕಾರ ಆಯುಕ್ತರ ಕೈಯಲ್ಲಿ, ಅಲ್ಲಿ ಅದು ಮೇಯರ್ ಕೈಯಲ್ಲೇ.

ಈ ನಿಯಮದಿಂದ ಜಗಳವೂ ಆಗುತ್ತದೆ. ಮರಗಾಲ್ ನಂತರ ಜೊವಾನ್ ಕ್ಲೋಸ್, ಜೋರ್ದಿ ಎರೆವು, ಆಮೇಲೆ 2011ರಲ್ಲಿ ಶಾವಿಯೆರ್ ತ್ರಿಯಾಸ್ ಬಂದು ಸಮಾಜವಾದಿಗಳ 32 ವರ್ಷದ ಸಾಲು ಮುರಿದರು. (ಕ್ಲೋಸ್, ತ್ರಿಯಾಸ್ ಇಬ್ಬರೂ ವೈದ್ಯರು. ರೊಬೆರ್ಟ್, ಐಗ್ವಾದೆ ಕೂಡ. ಈ ಊರಿಗೂ ಡಾಕ್ಟರುಗಳಿಗೂ ಏನೋ ನಂಟು ಇದೆ.) 2015ರಲ್ಲಿ ಆದಾ ಕೊಲಾವು ಮೊದಲ ಮಹಿಳಾ ಮೇಯರ್ ಆದರು. ಸಾಲ ಕಟ್ಟಲಾಗದೆ ಮನೆ ಕಳೆದುಕೊಳ್ಳುತ್ತಿದ್ದವರ ಪರವಾಗಿ ಬೀದಿಗಿಳಿದು ಹೋರಾಡಿದವರು. 2019ರಲ್ಲಿ ಅವರ ಪಟ್ಟಿಗೆ ಎರಡನೇ ಸ್ಥಾನ, ಆದರೂ 21 ಓಟು ಕೂಡಿಸಿಕೊಂಡು ಮತ್ತೆ ಮೇಯರ್ ಆದರು. 2023ರಲ್ಲಿ ತ್ರಿಯಾಸ್ 11 ಸ್ಥಾನ ಗೆದ್ದು ಮೊದಲಿಗರಾದರು, ಆದರೆ 10 ಸ್ಥಾನದ ಸಮಾಜವಾದಿ ಜೌಮೆ ಕೊಲ್ಬೋನಿಗೆ ಎಡದ 9, ಬಲದ 4 ಓಟು ಸೇರಿ 23 ಆಯಿತು, ಅವರೇ ಮೇಯರ್ ಆದರು. ಇದು ಮೋಸ ಅನ್ನುವವರು ಅಲ್ಲಿ ಬಹಳ ಜನ. ನನಗೆ ಹಾಗೆ ಅನ್ನಿಸುವುದಿಲ್ಲ. 41ರಲ್ಲಿ 11 ಸ್ಥಾನ ಅಂದರೆ ಉಳಿದ 30 ಸದಸ್ಯರು ಬೇರೆ ಪಟ್ಟಿಗಳವರು, ಅವರ ಮಾತಿಗೂ ಬೆಲೆ ಇರಬೇಕು.

ಕಾಗದದ ಕೊನೆಯಲ್ಲಿ ನೀವು ಕೇಳಿದ್ದೀರಿ, ಅಷ್ಟು ಕಷ್ಟಪಟ್ಟು ಬಿಡಿಸಿಕೊಂಡ ಕಡಲನ್ನು ಈಗ ಪ್ರವಾಸಿಗರು ಕಿತ್ತುಕೊಂಡರಲ್ಲಾ ಅಂತ. ಹೌದು, ಬಾಡಿಗೆ ಏರಿ ಊರಿನವರೇ ಊರು ಬಿಡುವ ಹಾಗಾಗಿದೆ. ಹೊಸ ಹೋಟೆಲುಗಳಿಗೆ ಮಿತಿ ಹಾಕುವ ಯೋಜನೆಯನ್ನು ಕೊಲಾವು 2017ರಲ್ಲಿ ತಂದರು. ಕೊಲ್ಬೋನಿ ಇನ್ನೂ ಮುಂದೆ ಹೋಗಿ, ಪ್ರವಾಸಿಗರಿಗೆ ಬಾಡಿಗೆ ಕೊಡುವ 10,101 ಮನೆಗಳ ಲೈಸೆನ್ಸ್ ನವೀಕರಿಸುವುದಿಲ್ಲ ಎಂದು 2024ರ ಜೂನ್‌ನಲ್ಲಿ ಹೇಳಿದ್ದಾರೆ. ಆ ಲೈಸೆನ್ಸ್‌ಗಳು ಮುಗಿಯುವುದು 2028ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು, 2027ರ ಮೇ ತಿಂಗಳಲ್ಲಿ, ಪಾಲಿಕೆ ಚುನಾವಣೆ ಇದೆ. ಆ ಮನೆಗಳ ಕೀಲಿ ಯಾರ ಕೈಗೆ ಬರುತ್ತದೆ ಅನ್ನೋದು ಆಗ ಗೆದ್ದು ಬಂದವರಿಗೆ ಬಿಟ್ಟದ್ದು.

ತಿದ್ದುಪಡಿಯನ್ನು ಈ ಸಂಚಿಕೆಯ ಮೂರನೇ ಪುಟದಲ್ಲಿ ಹಾಕಿದ್ದೇವೆ, ಸೊಸಿಯಾಸ್ ಹೆಸರು ಸೇರಿಸಿ.

ನಿಮ್ಮ
ಸಂಪಾದಕ