ಡಾಕ್ಟರನ್ನು ಕೇಳಿ: ರಕ್ತದ ಟೆಸ್ಟ್ ನೆಗೆಟಿವ್, ಮತ್ತೆ ಸೂಜಿ ಯಾಕೆ?

ಪ್ರಶ್ನೆ: ಡಾಕ್ಟರೇ, ನಮ್ಮ ತಾಯಿಗೆ 58 ವರ್ಷ. ತಂಬಾಕು ಮುಟ್ಟಿದವರಲ್ಲ, ಆದರೂ ಶ್ವಾಸಕೋಶದ ಕ್ಯಾನ್ಸರ್. ಮೊದಲು ತೆಗೆದ ಗಡ್ಡೆಯ ಚೂರು ಜೀನ್ ಟೆಸ್ಟಿಗೆ ಸಾಲಲಿಲ್ಲ ಎಂದು ಕಲಬುರಗಿಯಲ್ಲಿ ರಕ್ತ ತೆಗೆದು ಕಳಿಸಿದರು. ನೆಗೆಟಿವ್ ಬಂತು. ಈಗ ಮತ್ತೆ ಸೂಜಿ ಹಾಕಿ ಚೂರು ತೆಗೆಯಬೇಕಂತೆ. ಅದರ ಬದಲು ವಾಟ್ಸಾಪಿನಲ್ಲಿ ಬಂದಿರುವ ಆರ್‌ಎನ್‌ಎ ಇಂಜೆಕ್ಷನ್ ಕೊಡಿಸಬಹುದಾ?
– ಓದುಗಿ, ಶಹಾಪುರ

ಉತ್ತರ: ಸೂಜಿಗೆ ತಾಯಿಯನ್ನು ಒಪ್ಪಿಸು, ತಂಗಿ. ಜೀನ್ ಬದಲಾವಣೆ ಇಲ್ಲವೇ ಇಲ್ಲ ಎಂದು ಆ ರಿಪೋರ್ಟ್ ಹೇಳುತ್ತಿಲ್ಲ. ಆ ರಕ್ತದಲ್ಲಿ ಸಿಗಲಿಲ್ಲ, ಅಷ್ಟೇ.

ಗಡ್ಡೆಯ ಜೀವಕೋಶ ಸತ್ತಾಗ ಅದರ ಡಿಎನ್‌ಎ ಚೂರುಗಳು ರಕ್ತಕ್ಕೆ ಬರುತ್ತವೆ. ಆದರೆ ಒಳ್ಳೆಯ ಜೀವಕೋಶಗಳ ಚೂರು ಎಷ್ಟೋ ಜಾಸ್ತಿ. ತೊಗರಿ ಚೀಲದಲ್ಲಿ ನಾಲ್ಕು ಕಡಲೆಕಾಳು ಹುಡುಕಿದ ಹಾಗೆ. ಇದಕ್ಕೆ ಕೆಲವು ಟೆಸ್ಟುಗಳಲ್ಲಿ ಒಂದು ಉಪಾಯವಿದೆ. ನನ್ನಂಥ ಲ್ಯಾಬಿನ ಡಾಕ್ಟರುಗಳಿಗೆ ಭಾಳ ಇಷ್ಟವಾದದ್ದು. ಪಿಎನ್‌ಎ ಎಂಬ ತುಣುಕು, 1991ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ್ದು. ಅಕ್ಷರಗಳು ಡಿಎನ್‌ಎಯವೇ, ಅವನ್ನು ಹಿಡಿದಿಡುವ ಬೆನ್ನೆಲುಬು ಮಾತ್ರ ಬೇರೆ. ಒಳ್ಳೆಯ ಡಿಎನ್‌ಎಗೆ ಗಟ್ಟಿಯಾಗಿ ಅಂಟಿಕೊಂಡು ಅದರ ನಕಲು ಆಗದಂತೆ ತಡೆಯುತ್ತದೆ. ಒಂದು ಅಕ್ಷರ ಬದಲಾಗಿದ್ದರೂ ಹಿಡಿತ ಸಡಿಲ. ಹಾಗಾಗಿ ಡಿಎನ್‌ಎಯನ್ನು ಮತ್ತೆ ಮತ್ತೆ ನಕಲು ಮಾಡುವ ಪಿಸಿಆರ್‌ನಲ್ಲಿ ಕ್ಯಾನ್ಸರಿನ ಚೂರೇ ಹೆಚ್ಚುತ್ತದೆ. ಕೋವಿಡ್ ಕಾಲದಲ್ಲಿ ಕೇಳಿದ್ದಿರಲ್ಲ, ಅದೇ ಪಿಸಿಆರ್.

ಆದರೆ ಗಡ್ಡೆ ರಕ್ತಕ್ಕೆ ಡಿಎನ್‌ಎ ಬಿಡದೇ ಇದ್ದರೆ ಯಾವ ಉಪಾಯವೂ ನಡೆಯುವುದಿಲ್ಲ. ಅದಕ್ಕೇ ಚೂರು ಬೇಕು. ಇಜಿಎಫ್‌ಆರ್ ಜೀನಿನ ಬದಲಾವಣೆ ತಂಬಾಕು ಮುಟ್ಟದವರಲ್ಲೇ ಜಾಸ್ತಿ. ಸಿಕ್ಕರೆ ಜೆಫಿಟಿನಿಬ್, ಓಸಿಮರ್ಟಿನಿಬ್‌ನಂಥ ಮಾತ್ರೆಗಳಿವೆ. ಸುಮ್ನೆ ಕೈಬಿಡುವ ಅವಕಾಶವಲ್ಲ.

ಇನ್ನು ಇಂಜೆಕ್ಷನ್. ವಿಜ್ಞಾನ ಸುಳ್ಳಲ್ಲ. ಆರ್‌ಎನ್‌ಎ ಅಂದರೆ ಯಾವ ಪ್ರೋಟೀನ್ ಮಾಡಬೇಕೆಂದು ಜೀವಕೋಶಕ್ಕೆ ಹೇಳುವ ಚೀಟಿ. ಅದನ್ನು ಹಾಗೇ ಕೊಟ್ಟರೆ ಮೈ ಅದನ್ನು ವೈರಿ ಎಂದುಕೊಳ್ಳುತ್ತದೆ. ಅದರ ಒಂದು ಅಕ್ಷರವನ್ನು ಸ್ವಲ್ಪ ಮಾರ್ಪಡಿಸಿದರೆ ಆ ಗಲಾಟೆ ತಗ್ಗುತ್ತದೆ ಎಂದು ವಿಜ್ಞಾನಿಗಳಾದ ಕ್ಯಾಟಲಿನ್ ಕರಿಕೊ, ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. 2023ರಲ್ಲಿ ನೊಬೆಲ್ ಬಂತು. ಮೊಡೆರ್ನಾ ಮತ್ತು ಮರ್ಕ್ ಕಂಪನಿಗಳು ಚರ್ಮದ ಕ್ಯಾನ್ಸರಿನವರ ಮೇಲೆ ಪ್ರಯೋಗಿಸಿದ ಆರ್‌ಎನ್‌ಎ ಲಸಿಕೆಯಲ್ಲಿ ಮೈಗೆ ಗಡ್ಡೆಯನ್ನು ಪರಿಚಯಿಸುವ 34ರವರೆಗೆ ಗುರುತುಗಳಿರುತ್ತವೆ. ಪ್ರತಿ ರೋಗಿಗೂ ಅವರದೇ ಗಡ್ಡೆ ನೋಡಿ ತಯಾರಿಸುತ್ತಾರೆ. ಹಾಗಿದ್ದಮೇಲೆ ತಾಯಿಯ ಗಡ್ಡೆಯನ್ನೇ ನೋಡದೆ ವಾಟ್ಸಾಪಿನಲ್ಲಿ ಮಾರುವವನ ಬಾಟಲಿಯಲ್ಲಿ ಏನಿದ್ದೀತು? ದುಡ್ಡು ಕಳಿಸಬೇಡ.

ತೆಗೆದ ಚೂರಿನಲ್ಲಿ ಇಜಿಎಫ್‌ಆರ್ ಜೊತೆ ಎಎಲ್‌ಕೆ, ಆರ್‌ಒಎಸ್1 ಎಂಬ ಜೀನುಗಳನ್ನೂ ನೋಡುತ್ತಾರಾ ಎಂದು ಕೇಳು. ತಾಯಿ ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಸೂಜಿ ಹಾಕುವ ಮುಂಚೆಯೇ ಡಾಕ್ಟರಿಗೆ ಹೇಳಿಬಿಡು.