ಡ್ರಗ್ಸ್ ಓವರ್‌ಡೋಸ್‌ನಿಂದ ಹೋದ ತಮ್ಮನ ಹೆಸರಲ್ಲಿ ಊರಲ್ಲಿ ಏನಾದರೂ ಮಾಡಬಹುದಾ?

ಮಾಡಬಹುದು. ಮಾಡಿ. ಮನೆಯವರು ಎಲ್ಲರಿಗೂ ಹಾರ್ಟ್ ಅಟ್ಯಾಕ್ ಅಂತ ಹೇಳಿಬಿಟ್ಟಿದ್ದಾರೆ, ಈಗ ನಾಲ್ಕು ಜನರ ಎದುರು ಅವನ ನೆನಪಿಗೆ ಏನಾದರೂ ಮಾಡಿದರೆ ಮಾತು ಬರುತ್ತದಾ ಅಂತ ಕೇಳಿದ್ದೀರಿ. ನಾನು ಸುರತ್ಕಲ್ ಕಡೆಯವನು. ನನ್ನ ಚಿಕ್ಕಮ್ಮನ ಮಗನೂ ಹೀಗೇ ಹೋದ.

ಸತ್ತವರನ್ನು ನೆನೆಯುವುದರಲ್ಲಿ ನಮ್ಮೂರು ಹಿಂದೆ ಬಿದ್ದಿಲ್ಲ. ಆಟಿ ಅಂದರೆ ಜುಲೈ-ಆಗಸ್ಟ್ ನಡುವೆ ಬರುವ ತುಳು ತಿಂಗಳು, ಆಗ ತೀರಿಹೋದವರಿಗೆ ಎಡೆ ಬಡಿಸುತ್ತೇವೆ. ಕ್ರೈಸ್ತರು ನವೆಂಬರ್ 2ಕ್ಕೆ ಗೋರಿಗೆ ಹೂವಿಟ್ಟು ಮೊಂಬತ್ತಿ ಹಚ್ಚುತ್ತಾರೆ. ಊರೂರಿನ ಬಸ್ ತಂಗುದಾಣದ ಮೇಲೆ 'ದಿವಂಗತ ಇಂಥವರ ಸ್ಮರಣಾರ್ಥ' ಅಂತ ಇರುತ್ತದೆ. ಬೈಕ್ ಅಪಘಾತದಲ್ಲಿ ಹೋದ ಹುಡುಗನ ಹೆಸರಲ್ಲಿ ವಾಲಿಬಾಲ್ ಟೂರ್ನಮೆಂಟ್ ಮಾಡುತ್ತೇವೆ. ಓವರ್‌ಡೋಸ್‌ನಿಂದ ಹೋದವನ ಫೋಟೋ ಮಾತ್ರ ಒಳಕೋಣೆಯಲ್ಲಿ. ಇದು ನನಗೆ ಸುತಾರಾಂ ಒಪ್ಪಿಗೆ ಇಲ್ಲ. ಅವನೂ ಅದೇ ಗದ್ದೆಯಲ್ಲಿ ವಾಲಿಬಾಲ್ ಆಡಿ ಬೆಳೆದವನೇ ಅಲ್ವಾ?

ಮೊದಲು ಅಮ್ಮನನ್ನು ಕೇಳಿ. ಅವರು ಬೇಡ ಅಂದರೆ ಸ್ವಲ್ಪ ಸಮಯ ಸುಮ್ನೆ ಇರಿ. ಚಿಕ್ಕಮ್ಮನ ಮಗನ ಹೆಸರಲ್ಲಿ ಬಸ್ ತಂಗುದಾಣದಲ್ಲಿ ಕಲ್ಲು ಹಾಕಿಸುವಾಗ, ಅದರಲ್ಲಿ ಕಾರಣ ಬರೆಸಬೇಡಿ ಅಂದರು ನಮ್ಮ ಚಿಕ್ಕಮ್ಮ. ಬರೆಸಲಿಲ್ಲ. ಕರಿಗಲ್ಲಿನಲ್ಲಿ ಹೆಸರು, ಹುಟ್ಟಿದ ಇಸವಿ, ತೀರಿದ ಇಸವಿ, ಕೆಳಗೆ ಒಂದು ಸಾಲು: 'ನಶೆ ಬಿಡಲು ಸಹಾಯ ಬೇಕಿದ್ದರೆ 14446ಕ್ಕೆ ಕರೆ ಮಾಡಿ.' ಅದು ಕೇಂದ್ರ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ. ಓದಿದವರಿಗೆ ವಿಷಯ ತಿಳಿಯುತ್ತದೆ. ಕಾಲೇಜು ಹುಡುಗನೊಬ್ಬ ಆಚೀಚೆ ನೋಡಿ ಮೊಬೈಲಿನಲ್ಲಿ ಆ ಸಾಲಿನ ಫೋಟೋ ತೆಗೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಳೆಗಾಲದಲ್ಲಿ ಅಕ್ಷರಗಳಿಗೆ ಪಾಚಿ ಹಿಡಿಯುತ್ತದೆ. ಚಿಕ್ಕಮ್ಮ ಹಳೇ ಟೂತ್‌ಬ್ರಷ್ ತಂದು ತಿಕ್ಕುತ್ತಾರೆ. ಬಸ್ಸಿಗೆ ಕಾಯುವವರು ಯಾರದ್ದು ಅಂತ ಕೇಳಿದರೆ "ನನ್ನ ಮಗನದ್ದು" ಅನ್ನುತ್ತಾರೆ.

ದಿನ ಹುಡುಕುತ್ತಿದ್ದರೆ ಆಗಸ್ಟ್ 31 ಇದೆ. ಓವರ್‌ಡೋಸ್‌ನಿಂದ ಹೋದವರನ್ನು ನೆನೆಯುವ ದಿನ, 2001ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾದದ್ದು. ಆಟಿ ಕಳೆದ ಮೇಲೆಯೇ ಬರುತ್ತದೆ, ನಮಗೂ ಅನುಕೂಲ. ಅವತ್ತು ಭಾಷಣ ಜಾಸ್ತಿ ಬೇಡ. ಅವನ ಗೆಳೆಯರಿಗೆ ಮಾತಾಡಲು ಬಿಡಿ. ಒಬ್ಬ ಡಾಕ್ಟರನ್ನು ಕರೆದು ಇಷ್ಟು ಹೇಳಿಸಿ: ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಗಟ್ಟಿದ್ದರೆ, 'ಮಲಗಿ ಸರಿಯಾಗಲಿ' ಅಂತ ಬಿಡಬಾರದು. ಕೂಡಲೇ 108ಕ್ಕೆ ಫೋನ್ ಮಾಡಬೇಕು. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಬೇಕು. ಬ್ರೌನ್ ಶುಗರ್‌ನಂಥ ಹೆರಾಯಿನ್ ಜಾತಿಯ ನಶೆಯಾದರೆ ನಲೋಕ್ಸೋನ್ ಅನ್ನುವ ಔಷಧಿ ಉಸಿರನ್ನು ಮರಳಿಸಬಲ್ಲದು, ಹೊತ್ತು ಮೀರಬಾರದು ಅಷ್ಟೇ. ಹೆದರಿಕೊಂಡು ಬಿಟ್ಟು ಓಡುವ ಗೆಳೆಯರಿಗೆ ಇದು ಗೊತ್ತಿರಲೇಬೇಕು.

ಸಿರಿಂಜು, ತಲೆಬುರುಡೆ ಇರುವ ಫ್ಲೆಕ್ಸ್ ಮಾತ್ರ ಹಾಕಿಸಬೇಡಿ. ನಿಮ್ಮ ಅಮ್ಮ ಆ ದಾರಿಯಲ್ಲೇ ಓಡಾಡಬೇಕು. ಅವನು ನಗುತ್ತಿರುವ ಫೋಟೋ ಸಾಕು.

ತಂಗುದಾಣವೇ ಆಗಬೇಕೆಂದಿದ್ದರೆ ಪಂಚಾಯತ್‌ಗೆ ಅರ್ಜಿ ಕೊಡಿ. ಹೆದ್ದಾರಿ ಬದಿಯಾದರೆ ಹೆದ್ದಾರಿಯವರ ಒಪ್ಪಿಗೆಯೂ ಬೇಕು. ಹೊಸತು ಕಟ್ಟುವಷ್ಟು ಹಣ ಇಲ್ಲದಿದ್ದರೆ ಹಳೆಯದಕ್ಕೆ ಸುಣ್ಣಬಣ್ಣ ಮಾಡಿಸಿ, ಒಂದು ಬೆಂಚು ಹಾಕಿಸಿದರೂ ಆಯಿತು.