ರಜೆಯ ಊಟ, ಮರುದಿನದ ಶಿಕ್ಷೆ

ಆಪ್ತಸಲಹೆಗೆಂದು ನನ್ನ ಬಳಿ ಬಂದ ಈ ವಿದ್ಯಾರ್ಥಿನಿ ತಾನಾಗಿ ಬಂದವಳಲ್ಲ. ಪದವಿಯ ಎರಡನೇ ವರ್ಷ, ಹಾಸ್ಟೆಲ್ ವಾಸ, ಓದಿನಲ್ಲಿ ಚುರುಕು. ‘ಆಹಾರ ಮತ್ತು ಆರೋಗ್ಯ’ ಎಂಬ ವಿಷಯಕ್ಕೆ ಅಧ್ಯಾಪಕಿ ಒಂದು ಅಸೈನ್‌ಮೆಂಟ್ ಕೊಟ್ಟಿದ್ದರು: ರಜೆಯಲ್ಲಿ ದಿನವೂ ಏನು ತಿಂದಿರಿ, ತಿಂದ ಮೇಲೆ ಹೇಗನ್ನಿಸಿತು, ಬರೆದು ತನ್ನಿ. ಉಳಿದವರು ಎರಡು ಪುಟ ಗೀಚಿ ಕೊಟ್ಟು ಕೈ ತೊಳೆದುಕೊಂಡರೆ ಈಕೆ ಇಡೀ ನೋಟ್‌ಬುಕ್ ತುಂಬಿಸಿ ತಂದಿದ್ದಳು. ಅದನ್ನು ಓದಿದ ಅಧ್ಯಾಪಕಿಗೆ ಅಂಕ ಹಾಕಲು ಕೈಯೇ ಬರಲಿಲ್ಲ. ಕರೆದು ಮಾತಾಡಿಸಿ, ಒಪ್ಪಿಸಿ, ನನ್ನಲ್ಲಿಗೆ ಕಳಿಸಿದರು. (ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. ಇದನ್ನು ಪ್ರಕಟಿಸಲು ಆಕೆಯ ಒಪ್ಪಿಗೆಯಿದೆ.)

ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಸ್ಕೇಲಿಟ್ಟು ಎಳೆದ ನಾಲ್ಕು ಕಾಲಂ. ಹೊತ್ತು, ತಿಂದದ್ದು, ಕ್ಯಾಲೊರಿ. ನಾಲ್ಕನೆಯದರ ತಲೆಬರಹ ‘ಸಾಲ’. ಹಬ್ಬಕ್ಕೆ ಇನ್ನೂ ಒಂದು ವಾರ ಇರುವಾಗಲೇ ಬೆಳಗಿನ ತಿಂಡಿ ಬಿಟ್ಟಿದ್ದಾಳೆ. ಪಕ್ಕದಲ್ಲಿ ‘ಮುಂಗಡ ಕಟ್ಟಿದ್ದು’ ಎಂದು ಬರೆದಿದ್ದಾಳೆ. ನೆಂಟರೆಲ್ಲ ಸೇರಿದ ದಿನ ಮಧ್ಯಾಹ್ನ ತಿಂದದ್ದು ಹೇಳಿಕೊಳ್ಳುವಷ್ಟೇನೂ ಇಲ್ಲ. ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಮಾತ್ರ ತಿನಿಸಿನ ಹೆಸರಿಲ್ಲ, ‘ಡಬ್ಬಿ’ ಎಂದಷ್ಟೇ ಇದೆ. ಅದರ ಮೇಲೆ ಕಾಗದ ಹರಿಯುವಂತೆ ಒತ್ತಿ ಎಳೆದ ಗೀಟು. ಮರುದಿನದ ಪುಟದಲ್ಲಿ ನೀರು, ಹಾಲಿಲ್ಲದ ಕಾಫಿ, ಮೆಟ್ಟಿಲು ಹತ್ತಿಳಿದ ಲೆಕ್ಕ, ಸಂಜೆಗೆ ತಲೆನೋವು. ರಾತ್ರಿ ಮತ್ತೆ ‘ಡಬ್ಬಿ’. ಸಾಲ ಪುಟದಿಂದ ಪುಟಕ್ಕೆ ಬೆಳೆಯುತ್ತ ಹೋಗಿ, ರಜೆ ಮುಗಿಯುವ ಹೊತ್ತಿಗೆ ತೀರಿಸಲಾಗದ ಮೊತ್ತವಾಗಿತ್ತು.

“ರಜೆ ಅಂದ್ರೆ ನಂಗೆ ಭಯ ಮೇಡಂ. ಪರೀಕ್ಷೆ ಟೈಮಲ್ಲೇ ಆರಾಮಾಗಿರ್ತೀನಿ” ಅಂದಳು.

ಇಂಥವರು ಬಂದಾಗ ಊಟದ ಮಾತನ್ನು ಬದಿಗಿಟ್ಟು ಮೊದಲು ದೇಹದ ಸ್ಥಿತಿ ವಿಚಾರಿಸುತ್ತೇನೆ. ತಲೆ ಸುತ್ತಿ ಬಿದ್ದದ್ದುಂಟೇ, ಮುಟ್ಟು ಸರಿಯಾಗಿ ಆಗುತ್ತಿದೆಯೇ, ತಿಂದದ್ದನ್ನು ಬೇಕೆಂದೇ ಕಕ್ಕಿದ್ದುಂಟೇ, ಭೇದಿ ಮಾತ್ರೆ ನುಂಗಿದ್ದುಂಟೇ. ಕೊನೆಯ ಎರಡಕ್ಕೂ ಇಲ್ಲವೆಂದಳು. ಮುಟ್ಟು ಏರುಪೇರಾಗಿತ್ತು, ಕೂದಲು ಉದುರುತ್ತಿತ್ತು. ತಿನ್ನುವುದಕ್ಕೆ ಸಂಬಂಧಿಸಿದ ಕಾಯಿಲೆಗಳ ಸುಳಿವು ಹಿಡಿಯಲು ಸ್ಕಾಫ್ ಎಂಬ ಐದು ಪ್ರಶ್ನೆಗಳ ಪುಟ್ಟ ಪಟ್ಟಿಯೊಂದಿದೆ. 1999ರಲ್ಲಿ ಲಂಡನ್ನಿನ ಸಂಶೋಧಕರು ಸಿದ್ಧಪಡಿಸಿದ್ದು. ಹೊಟ್ಟೆ ಬಿರಿದಂತಾಗಿ ಬೇಕೆಂದೇ ವಾಂತಿ ಮಾಡುತ್ತೀರಾ, ತಿನ್ನುವುದು ಕೈಮೀರಿದೆಯೆಂಬ ಚಿಂತೆಯಿದೆಯೇ, ಮೂರು ತಿಂಗಳಲ್ಲಿ ಆರು ಕಿಲೊಗಿಂತ ಹೆಚ್ಚು ಇಳಿದಿದ್ದೀರಾ, ಬೇರೆಯವರು ತೆಳ್ಳಗಿದ್ದೀಯ ಎಂದರೂ ನಿಮಗೆ ದಪ್ಪ ಅನ್ನಿಸುತ್ತದೆಯೇ, ಊಟದ ಯೋಚನೆಯೇ ಬದುಕನ್ನು ಆಳುತ್ತಿದೆಯೇ ಎಂಬುದು ಅದರ ಸಾರ. ಎರಡಕ್ಕೆ ಹೌದು ಎಂದರೂ ತಜ್ಞರಿಗೆ ತೋರಿಸಬೇಕು. ಈಕೆ ಎರಡಕ್ಕೆ ಹೌದೆಂದಳು. ಹಾಗಾಗಿ ಸಲಹೆ ಸೂಚನೆ ಆಮೇಲೆ ಎಂದು ಮೊದಲು ಫಿಸಿಶಿಯನ್ ಮತ್ತು ಮನೋವೈದ್ಯರ ಬಳಿ ಕಳಿಸಿದೆ.

ರಕ್ತದಲ್ಲಿ ಹಿಮೊಗ್ಲೋಬಿನ್ ಕಡಿಮೆಯಿತ್ತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಹಿಡಿತ ತಪ್ಪಿ ತಿನ್ನುವುದು ವಾರಕ್ಕೆ ಒಮ್ಮೆಯಾದರೂ, ಮೂರು ತಿಂಗಳು ನಡೆದರೆ ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಿಡಿಯುತ್ತಾರೆ. ಈಕೆಯದು ರಜೆ, ಸಮಾರಂಭಗಳ ಸುತ್ತಲೇ ಇತ್ತು. ಮನೋವೈದ್ಯರು ಹಣೆಪಟ್ಟಿ ಹಚ್ಚಲಿಲ್ಲ, ಔಷಧಿಯನ್ನೂ ಬರೆಯಲಿಲ್ಲ. ಆಪ್ತಸಲಹೆ ಸಾಕು, ಆದರೆ ಕಣ್ಣಿಟ್ಟಿರಿ ಎಂದರು.

ಮುಂದಿನ ಭೇಟಿಗಳಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ಆ ‘ಸಾಲ’ದ ಕಾಲಂ ಮೇಲೆಯೇ.

ಹಬ್ಬದ ಮರುದಿನ ತೂಕದ ಯಂತ್ರ ಎರಡು ಕಿಲೊ ಹೆಚ್ಚು ತೋರಿಸಿತ್ತಂತೆ. ಅದನ್ನು ನೋಡಿ ಈಕೆ ಎದೆ ಒಡೆದುಕೊಂಡಿದ್ದಳು. ಒಂದು ಕಿಲೊ ಕೊಬ್ಬು ಸೇರಬೇಕಾದರೆ ದೇಹಕ್ಕೆ ಬೇಕಾದದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಾಗಬೇಕು. ಎರಡು ಕಿಲೊ ಅಂದರೆ ಹದಿನೈದು ಸಾವಿರದ ಮೇಲೆ. “ನಿನ್ನ ಲೆಕ್ಕದಲ್ಲೇ ಆ ದಿನ ಎಷ್ಟಿದೆ, ನೋಡು” ಅಂದೆ. ನೋಡಿದಳು. ಹತ್ತಿರಕ್ಕೂ ಇರಲಿಲ್ಲ. ಹಾಗಾದರೆ ಯಂತ್ರ ಸುಳ್ಳು ಹೇಳಿತೇ? ಇಲ್ಲ, ಅದು ಹೇಳಿದ್ದು ನೀರಿನ ತೂಕ. ನಾವು ತಿಂದ ಪಿಷ್ಟ, ಸಕ್ಕರೆಯ ಒಂದು ಪಾಲನ್ನು ದೇಹ ಗ್ಲೈಕೊಜೆನ್ ರೂಪದಲ್ಲಿ ಲಿವರ್‌ನಲ್ಲೂ ಸ್ನಾಯುಗಳಲ್ಲೂ ಕೂಡಿಡುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಉಳಿಯುತ್ತದೆ. ವಾರವಿಡೀ ಬಾಯಿ ಕಟ್ಟಿದ್ದರಿಂದ ಆ ದಾಸ್ತಾನು ಖಾಲಿಯಾಗಿತ್ತು, ಒಂದೇ ದಿನದಲ್ಲಿ ತುಂಬಿಕೊಂಡಿತು. ಜೊತೆಗೆ ಹಬ್ಬದಡುಗೆಯ ಉಪ್ಪು ಹಿಡಿದಿಟ್ಟ ನೀರು, ಹೊಟ್ಟೆಯಲ್ಲಿ ಇನ್ನೂ ಅರಗದ ಊಟ. ಉಪವಾಸದ ವಾರದಲ್ಲಿ ‘ಇಳಿಯಿತು’ ಎಂದು ಹಿಗ್ಗಿದ ತೂಕದಲ್ಲೂ ಬಹುಪಾಲು ಇದೇ ನೀರು.

ರಜೆಯಲ್ಲಿ ತೂಕ ಏರುವುದೇ ಇಲ್ಲ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಈ ಹುಡುಗಿ ನಂಬುತ್ತಲೂ ಇರಲಿಲ್ಲ. ಅಮೆರಿಕದ ಸಂಶೋಧಕರು 195 ವಯಸ್ಕರನ್ನು ಅಲ್ಲಿಯ ವರ್ಷಾಂತ್ಯದ ಹಬ್ಬಗಳುದ್ದಕ್ಕೂ ತೂಗಿ, 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸರಾಸರಿ ಏರಿಕೆ 0.37 ಕಿಲೊ, ಅರ್ಧ ಕಿಲೊ ಕೂಡ ಇಲ್ಲ. ಆದರೆ ಅವರು ಏರಿದ್ದೇವೆಂದು ತಿಳಿದುಕೊಂಡದ್ದು ಅದರ ಹಲವು ಪಟ್ಟು! ಏರಿದ ಆ ಚೂರು ಮುಂದಿನ ತಿಂಗಳುಗಳಲ್ಲಿ ತಾನಾಗಿ ಇಳಿಯಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಅದನ್ನೂ ಆಕೆಗೆ ಹೇಳಿದೆ. ಅರ್ಧ ಕಿಲೊ ಬಗ್ಗೆ ವರ್ಷವಿಡೀ ನಿಧಾನಕ್ಕೆ ಯೋಚಿಸಬಹುದು, ಮರುದಿನವೇ ಉಪವಾಸ ಬೀಳಬೇಕಾಗಿಲ್ಲ.

“ಸರಿ ಮೇಡಂ, ಆದ್ರೆ ಆ ಡಬ್ಬಿ? ಅದು ನನ್ನ ಬಾಯಿಚಪಲ ತಾನೆ?”

ಇದೇ ಆಕೆಯನ್ನು ಒಳಗೊಳಗೇ ಕೊರೆಯುತ್ತಿದ್ದ ಪ್ರಶ್ನೆ. ಉತ್ತರಕ್ಕೆ ಮಿನ್ನೆಸೋಟ ವಿಶ್ವವಿದ್ಯಾಲಯದ ಕಥೆ ಹೇಳಿದೆ. 1944ರ ಕೊನೆಗೆ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಸೇರಿಸಿಕೊಂಡು, ಆರು ತಿಂಗಳ ಕಾಲ ಅವರಿಗೆ ಅರೆಹೊಟ್ಟೆಯ ಊಟ ಕೊಟ್ಟು ನೋಡಿದರು. ಯುದ್ಧದಿಂದ ಹಸಿದು ಕಂಗಾಲಾದವರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯುವುದು ಉದ್ದೇಶ. ಇವರೆಲ್ಲ ಯುದ್ಧಕ್ಕೆ ಹೋಗಲು ಮನಸ್ಸೊಪ್ಪದೆ, ಅದರ ಬದಲಿಗೆ ಸ್ವಇಚ್ಛೆಯಿಂದ ಬಂದವರು, ಮನಸ್ಸು ಗಟ್ಟಿ ಇದ್ದವರು. ಆದರೂ ಅರೆಹೊಟ್ಟೆ ಮುಂದುವರಿದಂತೆ ಅವರಿಗೆ ಹಗಲೂ ರಾತ್ರಿ ಊಟದ್ದೇ ಧ್ಯಾನವಾಯಿತು. ಅಡುಗೆ ಪುಸ್ತಕ ಕೂಡಿಹಾಕಿದವರಿದ್ದರು, ತಟ್ಟೆ ನೆಕ್ಕಿದವರಿದ್ದರು. ನಿರ್ಬಂಧ ತೆಗೆದ ಮೇಲೆ ಕೆಲವರು ಎಷ್ಟು ತಿಂದರೂ ಹೊಟ್ಟೆ ತುಂಬಿದ ಹಾಗೆ ಅನ್ನಿಸುತ್ತಿಲ್ಲ ಎಂದರು. ಅವರಾರಿಗೂ ಮೊದಲು ಬಾಯಿಚಪಲ ಇರಲಿಲ್ಲ. ಒಂದು ವಾರದ ಉಪವಾಸವನ್ನು ಆರು ತಿಂಗಳಿಗೆ ಹೋಲಿಸುವಂತಿಲ್ಲ, ನಿಜ. ಆದರೆ ಹಸಿದ ದೇಹ ಮನಸ್ಸನ್ನು ಎತ್ತ ಎಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದನ್ನೂ ಹೇಳಿದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗಿಯರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ಐಸ್‌ಕ್ರೀಂ ಮುಂದಿಟ್ಟರು. ಸಾಮಾನ್ಯವಾಗಿ ಉಣ್ಣುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದರು. ಸದಾ ಡಯಟ್ ಹಿಡಿದು ಬಾಯಿ ಕಟ್ಟಿದವರು, ಮಿಲ್ಕ್‌ಶೇಕ್ ಕುಡಿದದ್ದರಿಂದಲೇ, ಇನ್ನೂ ಹೆಚ್ಚು ತಿಂದರು. ಹೇಗೂ ಕೆಟ್ಟಿತಲ್ಲ, ಇನ್ನು ಕೆಡುವುದೇನಿದೆ ಎಂಬ ಲಹರಿ ಅದು. ಕೇಳುತ್ತಿದ್ದಂತೆ ನಕ್ಕುಬಿಟ್ಟಳು. ಹಬ್ಬದ ದಿನ ಮಧ್ಯಾಹ್ನ ಒಂದೇ ಒಂದು ಸಿಹಿ ಬಾಯಿಗಿಟ್ಟ ಮೇಲೆ ತನಗೂ ಹೀಗೇ ಅನ್ನಿಸಿತ್ತು ಎಂದಳು.

ಹೊಟ್ಟೆಬಿರಿಯ ಉಂಡದ್ದಕ್ಕೆ ಉಪವಾಸ ಪರಿಹಾರ ಎಂದು ಆಕೆ ತಿಳಿದಿದ್ದಳು. ಪುಟ ತಿರುವಿ ನೋಡಿದರೆ ‘ಡಬ್ಬಿ’ ಇದ್ದ ಪ್ರತಿ ರಾತ್ರಿಯ ಹಿಂದೆ ಒಂದು ಖಾಲಿ ಹಗಲಿತ್ತು. ಅದನ್ನು ನಾನು ಹೇಳಬೇಕಾಗಲಿಲ್ಲ, ಪೆನ್ಸಿಲ್ ಹಿಡಿದು ತಾನೇ ಗುರುತು ಹಾಕುತ್ತ ಹೋದಳು.

ಸಲಹೆಗೆ ಬರುತ್ತೇನೆ. ಮೊದಲನೆಯದು, ಮೂರು ನಾಲ್ಕು ಗಂಟೆಗೊಮ್ಮೆ ಏನಾದರೂ ತಿನ್ನಲೇಬೇಕು, ಹಬ್ಬದ ದಿನದ ಬೆಳಿಗ್ಗೆಯೂ. ಹೆಚ್ಚು ತಿಂದ ಮರುದಿನದ ತಿಂಡಿಯನ್ನಂತೂ ಯಾವ ಕಾರಣಕ್ಕೂ ಬಿಡುವಂತಿಲ್ಲ. ಈ ತೊಂದರೆಗೆ ಕೊಡುವ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಮುಂಚೆ ಹಿಡಿಯುವ ಕೆಲಸ ಇದು. ಕೇಳಲು ಸಪ್ಪೆ, ಮಾಡಲು ಕಷ್ಟ. ನೋಟ್‌ಬುಕ್ ಬಿಡಬೇಕೆಂದು ನಾನು ಹೇಳಲಿಲ್ಲ. ಬರೆಯುವುದು ಆಕೆಗೆ ಇಷ್ಟ, ಬಿಡಿಸಿದರೆ ಕದ್ದು ಬರೆಯುತ್ತಾಳೆ. ಕ್ಯಾಲೊರಿ ಮತ್ತು ಸಾಲದ ಕಾಲಂ ತೆಗೆದು ಎಷ್ಟು ಹಸಿವಿತ್ತು, ಜೊತೆಗೆ ಯಾರಿದ್ದರು ಎಂದು ಬರೆಯಲು ಹೇಳಿದೆ. ತೂಕದ ಯಂತ್ರವನ್ನು ರಜೆ ಮುಗಿದು ಎರಡು ವಾರದವರೆಗೆ ಮುಟ್ಟುವಂತಿಲ್ಲ. ಡಬ್ಬಿಯಿಂದ ತಿನ್ನಬೇಕು ಅನ್ನಿಸಿದರೆ ತಿನ್ನಲಿ, ಆದರೆ ದೀಪ ಹಾಕಿ, ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಲಿ. ಕತ್ತಲಲ್ಲಿ ನಿಂತುಕೊಂಡು ತಿಂದದ್ದು ನಾಲಗೆಗೂ ತಿಳಿಯುವುದಿಲ್ಲ. ನಡೆದಾಡುವುದು ಒಳ್ಳೆಯದೇ, ತಿಂದದ್ದಕ್ಕೆ ದಂಡವಾಗಿ ಮಾತ್ರ ಬೇಡ. ಜೊತೆಯವರೊಂದಿಗೆ ರಾತ್ರಿ ಎರಡರವರೆಗೆ ಹರಟೆ ಹೊಡೆಯುವುದಕ್ಕೂ ಮಿತಿ ಇರಲಿ ಎಂದೆ. ನಿದ್ದೆಗೆಟ್ಟರೆ ಹಸಿವೆಯ ಹಾರ್ಮೋನು ಹೆಚ್ಚಿ, ಮರುದಿನ ನಾಲಗೆ ಸಿಹಿಯನ್ನೇ ಬೇಡುತ್ತದೆ.

ಮಗಳು ಒಪ್ಪಿದ ಮೇಲೆ ತಾಯಿಯನ್ನೂ ಒಮ್ಮೆ ಕರೆಸಿದೆ. ಒಳ್ಳೆಯ ಹೆಂಗಸು, ಗಾಬರಿಯಾಗಿದ್ದರು. “ನಾವೂ ಹಬ್ಬ ಆದ್ಮೇಲೆ ಒಂದ್ಹೊತ್ತು ಊಟ ಬಿಡ್ತೀವಲ್ಲ ಮೇಡಂ, ಅದ್ರಲ್ಲಿ ತಪ್ಪೇನು?” ಎಂದರು. ತಪ್ಪಿಲ್ಲ. ಹೊಟ್ಟೆ ಭಾರವಾಗಿದೆ, ಹಸಿವಿಲ್ಲ ಎಂದು ಒಂದು ಹೊತ್ತು ಬಿಟ್ಟವರು ಹಸಿವಾದಾಗ ಉಣ್ಣುತ್ತಾರೆ, ಅದನ್ನು ಅಲ್ಲಿಗೇ ಮರೆಯುತ್ತಾರೆ. ಇವರ ಮಗಳು ಹಸಿದು ಕಣ್ಣು ಕತ್ತಲೆ ಬಂದರೂ ಉಣ್ಣುತ್ತಿರಲಿಲ್ಲ. ತಾಯಿಗೆ ಕೊಟ್ಟ ಸಲಹೆ ಚಿಕ್ಕದು. ತಟ್ಟೆಯ ಮೇಲೆ ಕಣ್ಣಿಡಬೇಡಿ. ತಿಂಡಿ ಡಬ್ಬಿ ಬಚ್ಚಿಡಬೇಡಿ. ‘ಈಗ ಚೆನ್ನಾಗಿ ಇಳಿದಿದ್ದೀಯ’ ಎಂಬ ಹೊಗಳಿಕೆಯೂ ಬೇಡ, ಅದೂ ತೂಕದ ಮಾತೇ. ‘ನನಗೆ ಬೇಡಪ್ಪ, ಆಗಲೇ ಆನೆ ಆಗಿದ್ದೀನಿ’ ಎಂದು ಬಡಿಸುತ್ತ ಬಡಿಸುತ್ತ ಅವರು ತಮ್ಮನ್ನೇ ಹಂಗಿಸಿಕೊಳ್ಳುತ್ತಿದ್ದುದನ್ನು ಮಗಳು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದಳು. ಅದನ್ನು ಹೇಳಿದಾಗ ತಾಯಿ ಸ್ವಲ್ಪ ಹೊತ್ತು ಸುಮ್ಮನಾದರು.

ಉಳಿದದ್ದು ನೆಂಟರು. ಒಂದು ಕೈಯಲ್ಲಿ ಬಡಿಸುತ್ತ, ಇನ್ನೊಂದು ಕೈಯಲ್ಲಿ ಕೆನ್ನೆ ಹಿಂಡಿ ‘ಹಾಸ್ಟೆಲ್ ಊಟ ಮೈಗೆ ಹತ್ತಿದೆ ಕಣೇ’ ಎನ್ನುವ ದೊಡ್ಡಮ್ಮಂದಿರನ್ನು ತಿದ್ದುವುದು ನನ್ನ ಕೈಲಾಗದ ಕೆಲಸ. ಆದ್ದರಿಂದ ಉತ್ತರಗಳನ್ನು ಅಭ್ಯಾಸ ಮಾಡಿದೆವು. ನಾನು ದೊಡ್ಡಮ್ಮನಾದೆ. ಬಡಿಸಲು ಬಂದರೆ: “ತುಂಬಾ ಚೆನ್ನಾಗಿತ್ತು ದೊಡ್ಡಮ್ಮ, ಸಾಕು.” ಬಿಡದಿದ್ದರೆ ಅದೇ ಮಾತು, ಅದೇ ದನಿಯಲ್ಲಿ, ಕಾರಣ ಕೊಡದೆ. ಕಾರಣ ಕೊಟ್ಟರೆ ವಾದ ಶುರುವಾಗುತ್ತದೆ. ಮೈ ಬಗ್ಗೆ ಮಾತೆತ್ತಿದರೆ: “ಅದಿರಲಿ, ನಿಮ್ಮ ಮಂಡಿನೋವು ಹೇಗಿದೆ?” ಇದು ಆಕೆಯೇ ಹೊಳೆಯಿಸಿಕೊಂಡದ್ದು. ನನಗಂತೂ ಇದರಷ್ಟು ಒಳ್ಳೆಯದು ತೋಚಿರಲಿಲ್ಲ.

ಅಧ್ಯಾಪಕಿಯೂ ಕೇಳಿದ್ದರು, ಈ ಅಸೈನ್‌ಮೆಂಟನ್ನೇ ಕೈಬಿಡಲೇ ಎಂದು. ಬೇಕಿಲ್ಲ ಎಂದೆ. ತೂಕ, ಕ್ಯಾಲೊರಿ ಕೇಳಬೇಡಿ, ಬೇಡವೆಂದವರಿಗೆ ಬೇರೆ ವಿಷಯ ಕೊಡಿ, ಅಷ್ಟು ಸಾಕು.

ಇದನ್ನು ಓದುವವರಲ್ಲಿ ಯಾರಿಗಾದರೂ ಆ ‘ಸಾಲ’ದ ಕಾಲಂ ಪರಿಚಿತ ಅನ್ನಿಸಿದರೆ ಮೇಲಿನ ಸಲಹೆಗಳನ್ನು ಪಾಲಿಸಿ ನೋಡಬಹುದು. ಆದರೆ ತಿಂದದ್ದನ್ನು ಬೇಕೆಂದೇ ಕಕ್ಕುತ್ತಿದ್ದರೆ, ಭೇದಿ ಮಾತ್ರೆ ಬಳಸುತ್ತಿದ್ದರೆ, ತಲೆ ತಿರುಗಿ ಬೀಳುತ್ತಿದ್ದರೆ, ಮುಟ್ಟು ನಿಂತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಕಾಯಬೇಡಿ, ವೈದ್ಯರ ಬಳಿ ಹೋಗಿ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಮೈ ತುಂಬಿಕೊಂಡವರಿಗೂ, ಹುಡುಗರಿಗೂ ತಿನ್ನುವುದರ ಈ ತೊಂದರೆ ಬರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ.

ಮುಂದಿನ ರಜೆ ಮುಗಿಸಿ ಬಂದಾಗ ನೋಟ್‌ಬುಕ್ ತಂದಿದ್ದಳು. ಎಲ್ಲ ಸರಿಹೋಗಿತ್ತು ಎನ್ನಲಾರೆ. ಚಿಕ್ಕಪ್ಪನೊಬ್ಬರು ಎಲ್ಲರೆದುರು ಏನೋ ಅಂದ ದಿನ ರಾತ್ರಿ ಮತ್ತೆ ಅಡುಗೆಮನೆಗೆ ಹೋಗಿದ್ದಳು, ದೀಪ ಹಾಕಿರಲಿಲ್ಲ. ಮರುದಿನ ಬೆಳಿಗ್ಗೆ ಎಂಟೂವರೆಗೆ ತಿಂಡಿ ತಿಂದಿದ್ದಾಳೆ, ‘ಅಳು ಬಂತು, ಆದ್ರೂ ತಿಂದೆ’ ಎಂದು ಪಕ್ಕದಲ್ಲಿದೆ. ಆ ರಾತ್ರಿ ಡಬ್ಬಿಯ ಸುದ್ದಿಯಿಲ್ಲ. ಕಬ್ಬಿಣಾಂಶದ ಮಾತ್ರೆ ನಡೆಯುತ್ತಿದೆ. ಮುಟ್ಟು ಇನ್ನೂ ಸರಿಹೋಗದ ಕಾರಣ ಸ್ತ್ರೀರೋಗ ತಜ್ಞರಿಗೆ ತೋರಿಸಲು ಹೇಳಿದ್ದೇನೆ. ನಮ್ಮ ಭೇಟಿ ಈಗ ತಿಂಗಳಿಗೊಮ್ಮೆ.